ಸಿಕಂದರ ಎಂಬ ಹೆಸರು

ಅಲೆಕ್ಸಾಂಡರನೂ ಸಿಕಂದರನೂ ಒಬ್ಬನೇ ಆಗಿದ್ದರೆ ಎರಡು ಹೆಸರೇಕೆ ಎಂಬ ಪ್ರಶ್ನೆ ನನ್ನ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತಿತ್ತು. ಒಂದು ಪೀರಿಯಡ್ಡಿನಲ್ಲಿ ಹೇಳಿ ಮುಗಿಸಲಾಗದ ಆ ಸಂಗತಿಯನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೂಲ ಗ್ರೀಕ್ ರೂಪ ಅಲೆಕ್ಸಾಂಡ್ರೋಸ್. ‘ಅಲೆಕ್ಸೊ’ ಎಂದರೆ ಕೇಡನ್ನು ತಡೆದು ಕಾಪಾಡುವುದು. ‘ಅನೇರ್’ ಎಂದರೆ ಗಂಡಸು, ಅದರ ಷಷ್ಠೀ ರೂಪ ‘ಆಂಡ್ರೋಸ್’. ನಮಗೆ ಚಿರಪರಿಚಿತವಾದ ಸಂಸ್ಕೃತದ ‘ರಕ್ಷ್’ ಧಾತುವೂ ‘ನರ’ ಶಬ್ದವೂ ಕ್ರಮವಾಗಿ ಇವುಗಳ ಜ್ಞಾತಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ನರರಕ್ಷಕ’ ಎಂದು ಕನ್ನಡಿಸಿದರೆ ಅರ್ಥದ ಜೊತೆಗೆ ರಕ್ತಸಂಬಂಧವೂ ಉಳಿಯುತ್ತದೆ!

ಈ ಹೆಸರಿನ ಅತಿ ಪ್ರಾಚೀನ ಉಲ್ಲೇಖಗಳಲ್ಲೊಂದು ಹೆಣ್ಣಿನದು. ಕ್ರಿ.ಪೂ. 13ನೆಯ ಶತಮಾನದ ಮೈಸೀನಿಯ ಮಣ್ಣಿನ ಫಲಕವೊಂದರಲ್ಲಿ ಅಲೆಕ್ಸಾಂಡ್ರಾ ಎಂಬಾಕೆಯ ಹೆಸರಿದೆ. ಹೋಮರನ ‘ಇಲಿಯಡ್’ನಲ್ಲಿ ಹೆಲೆನಳನ್ನು ಕರೆದೊಯ್ದ ಪ್ಯಾರಿಸನಿಗೂ ಅಲೆಕ್ಸಾಂಡ್ರೋಸ್ ಎಂಬ ಇನ್ನೊಂದು ಹೆಸರುಂಟು. ತನ್ನ ಊರಿಗೇ ಬೆಂಕಿ ತಂದವನು ರಕ್ಷಕ! ಕ್ರಿ.ಪೂ. 356ರಲ್ಲಿ ಹುಟ್ಟಿದ ನಮ್ಮ ಪಠ್ಯಪುಸ್ತಕದ ಅಲೆಕ್ಸಾಂಡರನಾದರೋ ಮಕೆದೋನಿಯದ ಅರಸರಲ್ಲಿ ಆ ಹೆಸರಿನ ಮೂರನೆಯವನು.

ಕ್ರಿ.ಪೂ. 326ರಲ್ಲಿ ಅವನು ಬಿಯಾಸ್ ನದಿಯ ದಡದಿಂದಲೇ ಹಿಂದಿರುಗಿದ. ಹೆಸರು ಮಾತ್ರ ಮುಂದೆ ನಡೆಯಿತು. ಅಶೋಕನ 13ನೆಯ ಶಿಲಾಶಾಸನದಲ್ಲಿ ಐವರು ಯವನರಾಜರ ಹೆಸರುಗಳಿವೆ; ಅವರಲ್ಲೊಬ್ಬ ‘ಅಲಿಕಸುದರ’. ಡೆಹ್ರಾಡೂನಿನ ಬಳಿಯ ಕಾಲ್ಸಿಯ ಬಂಡೆಯಲ್ಲಿ, ಅಲ್ಲಿನ ಪ್ರಾಕೃತದಲ್ಲಿ ರಕಾರವಿಲ್ಲದ ಕಾರಣ, ಹೆಸರು ಲಕಾರಾಂತವಾಗಿದೆ. ಈ ರಾಜ ಎಪಿರಸ್ಸಿನವನೋ ಕೊರಿಂಥಿನವನೋ ಎಂಬ ಚರ್ಚೆ ಇದೆ. ದಿಗ್ವಿಜಯಿಯಂತೂ ಅಲ್ಲ, ಅವನು ತೀರಿಹೋಗಿ ಆಗಲೇ ಅರ್ಧಶತಮಾನ ಮೀರಿತ್ತು.

ಇನ್ನು ಸಿಕಂದರನ ಸಂಗತಿ. ಅರಬ್ಬೀ ಭಾಷೆಯಲ್ಲಿ ‘ಅಲ್’ ಎಂಬುದು ನಾಮಪದದ ಆರಂಭಕ್ಕೆ ಕೂಡಿಸಿ ಹಚ್ಚುವ ಪೂರ್ವಪ್ರತ್ಯಯ, ಅರ್ಥದಲ್ಲಿ ಇಂಗ್ಲಿಷಿನ ‘ದಿ’ ಇದ್ದಂತೆ. ಗ್ರೀಕ್ ಹೆಸರಿನ ಮೊದಲ ಭಾಗವನ್ನೂ ಅದೇ ಎಂದು ಬಗೆದು ಬೇರ್ಪಡಿಸಿದರು, ‘ಕ್ಸ’ ಎಂಬುದು ತಿರುವುಮುರುವಾಗಿ ‘ಸ್ಕ’ ಆಯಿತು, ಇಸ್ಕಂದರ್ ಸಿದ್ಧನಾದ. ಪಾರಸಿಯಲ್ಲಿ ಮೊದಲ ಇಕಾರವೂ ಉದುರಿ ಸಿಕಂದರ್. ಹಳೆಯ ಪಹ್ಲವಿ ಗ್ರಂಥಗಳು ಶಪಿತನೆಂದು ಬೈದ ಆಕ್ರಮಣಕಾರನನ್ನೇ ಮುಂದೆ ಪಾರಸಿ ಕವಿ ನಿಜಾಮಿ ಕಾವ್ಯನಾಯಕನನ್ನಾಗಿಸಿದ. ಜನಸ್ಮೃತಿಯ ಈ ಹೊರಳಾಟ ನನಗೆ ಶಬ್ದದ ರೂಪಾಂತರಕ್ಕಿಂತಲೂ ವಿಸ್ಮಯಕರ. ಒಂದು ಹೆಸರನ್ನು ಒಂದು ಮತಕ್ಕೆ ಕಟ್ಟಿಹಾಕುವವರು ಇದನ್ನೊಮ್ಮೆ ನೋಡಬೇಕು.

ಆ ಹೆಸರು ನಮ್ಮ ನಾಡಿನ ಸಿಂಹಾಸನವನ್ನೂ ಏರಿತು. 1672ರಲ್ಲಿ ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹನು ತೀರಿಕೊಂಡಾಗ ಪಟ್ಟಕ್ಕೆ ಕೂರಿಸಿದ್ದು ನಾಲ್ಕು ವರ್ಷದ ಆಸುಪಾಸಿನ ಬಾಲಕ ಸಿಕಂದರನನ್ನು. ಆಡಳಿತವೆಲ್ಲ ಒಳಜಗಳದ ಸರದಾರರ ಕೈಯಲ್ಲಿ. ಔರಂಗಜೇಬನ ಸೈನ್ಯ ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿತು; 1686ರ ಸೆಪ್ಟೆಂಬರಿನಲ್ಲಿ ಕೋಟೆ ಶರಣಾಯಿತು, ಆದಿಲ್ ಶಾಹಿ ಕೊನೆಗೊಂಡಿತು. ಆಗ ಈ ‘ನರರಕ್ಷಕ’ನಿಗೆ ಹದಿನೆಂಟರ ಸುಮಾರು, ನಮ್ಮ ಪಿ.ಯು.ಸಿ. ಮುಗಿಸಿದ ಹುಡುಗರ ವಯಸ್ಸು. ಉಳಿದ ಆಯುಷ್ಯವನ್ನೆಲ್ಲ ಸೆರೆಯಲ್ಲಿ ಕಳೆದು 1700ರಲ್ಲಿ ತೀರಿಕೊಂಡ. ವಿಜಯಪುರದಲ್ಲಿರುವ ಅವನ ಗೋರಿಗೆ ಗುಮ್ಮಟವಿಲ್ಲ. ಗೋಲಗುಮ್ಮಟಕ್ಕೆ ಹೋದಾಗ ಅದನ್ನೂ ಕೇಳಿ ನೋಡಿ ಬನ್ನಿ.