ಹಿಮವನ್ನು ತೂಗಿದ ಲ್ಯಾಟಿನ್ ಮೇಷ್ಟ್ರು

ಚಳಿಗಾಲದಲ್ಲಿ ಪೆಸಿಫಿಕ್ ಸಾಗರದಿಂದ ಬರುವ ಬಿರುಗಾಳಿ ಅಮೆರಿಕದ ಸಿಯೆರಾ ನೆವಾಡಾ ಪರ್ವತಗಳನ್ನು ಏರುವಾಗ ಎರಡು ರೂಪ ತಾಳುತ್ತದೆ. ಕಣಿವೆಯಲ್ಲಿ ಮಳೆ, ಶಿಖರದಲ್ಲಿ ಹಿಮ. ಮಳೆ ಬೇಗನೆ ಹೊಳೆ ಸೇರಿ ಹರಿದುಹೋಗುತ್ತದೆ. ಹಿಮ ಬೇಸಿಗೆಯವರೆಗೆ ಕಾದಿದ್ದು, ಮಳೆ ಅಪರೂಪವಾದ ತಿಂಗಳುಗಳಲ್ಲಿ ಕರಗಿ ಹೊಲಗಳಿಗೆ ಇಳಿಯುತ್ತದೆ.

ಆದರೆ ಬೆಟ್ಟದ ಮೇಲೆ ಎಷ್ಟು ನೀರು ಕೂತಿದೆ ಎಂದು ತಿಳಿಯುವುದು ಹೇಗೆ? ಆಳ ಅಳೆದರೆ ಸಾಲದು. ಹೊಸ ಹಿಮ ಅರಳೆಯಂತೆ ಹಗುರ, ಹಳೆಯದು ಒತ್ತಿಕೊಂಡು ಭಾರ. ಕಳೆದ ಶತಮಾನದ ಆರಂಭದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಎಂಜಿನಿಯರಲ್ಲ, ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಜೇಮ್ಸ್ ಎಡ್ವರ್ಡ್ ಚರ್ಚ್. ಚಳಿಗಾಲದಲ್ಲೇ ಮೌಂಟ್ ರೋಸ್ ಶಿಖರವನ್ನು ಹತ್ತುತ್ತಿದ್ದ ಅವರು, ಹಲ್ಲುಗಳಿರುವ ಟೊಳ್ಳು ಕೊಳವೆಯೊಂದನ್ನು ಹಿಮಕ್ಕೆ ಇಳಿಸಿ, ಮೇಲೆತ್ತಿ, ತೂಗಿದರು. ತೂಕವೇ ನೀರಿನ ಲೆಕ್ಕ!

ಆಗ ಟಾಹೋ ಸರೋವರದ ನೀರಿಗಾಗಿ ಜಗಳವಿತ್ತು. ನೀರು ಏರಿದರೆ ದಡದವರಿಗೆ ಆತಂಕ, ಇಳಿದರೆ ಕೆಳಗಿನ ಬಳಕೆದಾರರಿಗೆ ಆತಂಕ. ಸರೋವರ ಎಷ್ಟು ಏರೀತೆಂದು ಮುಂಚಿತವಾಗಿ ಅಂದಾಜಿಸಬಲ್ಲ ಈ ವಿಧಾನದಿಂದ ಆ ವಾದಕ್ಕೆ ಒಂದು ಅಂಕಿ ಸಿಕ್ಕಿತು. 1929ರಲ್ಲಿ ಕ್ಯಾಲಿಫೋರ್ನಿಯಾ ಹಿಮಸಮೀಕ್ಷೆಯನ್ನು ಸರ್ಕಾರಿ ಕಾರ್ಯಕ್ರಮವಾಗಿಸಿತು.

2015ರ ಏಪ್ರಿಲ್ 1ರಂದು ಅಲ್ಲಿನ ಗವರ್ನರ್ ಜೆರ್ರಿ ಬ್ರೌನ್ ಸಮೀಕ್ಷೆಗೆ ಹೋದಾಗ ನಿಂತದ್ದು ಬರಿಯ ಹುಲ್ಲಿನ ಮೇಲೆ. ರಾಜ್ಯದ ಹಿಮ ವಾಡಿಕೆಯ 5 ಪ್ರತಿಶತಕ್ಕೆ ಇಳಿದಿತ್ತು. ಬರದ ಜೊತೆಗೆ ಆ ಚಳಿಗಾಲ ಬೆಚ್ಚಗಿತ್ತು. ಬಿದ್ದದ್ದರಲ್ಲೂ ಬಹಳಷ್ಟು ಮಳೆಯಾಗಿ ಹರಿದುಹೋಗಿತ್ತು. ಒಂದು ನಾಡಿನ ಬೇಸಿಗೆ ಎಷ್ಟು ನೀರು ಬಿತ್ತು ಎಂಬುದರ ಮೇಲಷ್ಟೇ ಅಲ್ಲ, ಅದು ಯಾವ ರೂಪದಲ್ಲಿ ಬಿತ್ತು ಎಂಬುದರ ಮೇಲೂ ನಿಂತಿದೆ.