ವಾರಾನ್ನದಿಂದ ಆಧಾರ್‌ವರೆಗೆ

ಸುವರ್ಣ ಮಹೋತ್ಸವ ಸಂಚಿಕೆಗೆ ಶಾಲೆಯ ಇತಿಹಾಸದ ಕುರಿತು ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದರು. ಕಟ್ಟಡ, ಭೂದಾನಿಗಳು, ಫಲಿತಾಂಶ ಇವುಗಳ ಬಗ್ಗೆ ಬರೆಯಬಲ್ಲವರು ನನಗಿಂತ ಹಿರಿಯರಿದ್ದಾರೆ. ನಾನು ಇದೇ ಶಾಲೆಯಲ್ಲಿ ಕಲಿತು, ಮುಂದೆ ಇಲ್ಲಿಗೇ ಸಹಶಿಕ್ಷಕನಾಗಿ ಬಂದು, ಇಲ್ಲಿಂದಲೇ ನಿವೃತ್ತನಾದವನು. ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಎಸ್.ಎಸ್.ಎಲ್.ಸಿ. ಫಲಿತಾಂಶದ ಮುಂದಿನ ಎರಡು ತಿಂಗಳು. ಫಲಿತಾಂಶದ ದಿನ ಪೇಢೆ ಹಂಚಿ ಹೋದ ತಂದೆ, ವಾರ ಕಳೆದ ಮೇಲೆ ಒಬ್ಬರೇ ಬಂದು ಶಾಲೆಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಳೆ, ಬೆಳೆ ಎಲ್ಲ ಮಾತಾಡಿ ಮುಗಿದ ಮೇಲೆ ನಿಜವಾದ ಮಾತು ಬರುತ್ತಿತ್ತು: “ಸರ, ಮುಂದ ಕಲಸಾಕ ಎಷ್ಟ ರೊಕ್ಕ ಹತ್ತತೈತ್ರಿ?”

ಈ ಪ್ರಶ್ನೆಗೆ ನಮ್ಮ ಭಾಗದವರು ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡ ಉತ್ತರಗಳನ್ನು ಇಲ್ಲಿ ಬರೆಯುತ್ತೇನೆ. ನನ್ನದೊಂದು ತಪ್ಪೂ ಇದರಲ್ಲಿ ಬರುತ್ತದೆ.

ನಮ್ಮ ಅಜ್ಜಂದಿರ ಕಾಲಕ್ಕೆ ಫೀಗಿಂತ ಊಟದ ಚಿಂತೆ ದೊಡ್ಡದು. ಪಟ್ಟಣದಲ್ಲಿ ಕಲಿಯಲು ಹೋದ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವುದಕ್ಕೆ ವಾರಾನ್ನ ಎನ್ನುತ್ತಿದ್ದರು. ಅದು ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿದ್ದ ಅನುಕೂಲವಲ್ಲ ಎಂಬುದನ್ನೂ ಹೇಳಬೇಕು. ಆಮೇಲೆ ಮಠಗಳ ಪ್ರಸಾದ ನಿಲಯಗಳು ಬಂದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯದ ಹೆಸರು ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಗಿತ್ತು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅದೇ 1906ರಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು ತೀರಿಕೊಂಡರು. ತಮ್ಮ ಆಸ್ತಿ ಸಮಾಜದ ಮಕ್ಕಳ ಶಿಕ್ಷಣಕ್ಕೆ ಸಲ್ಲಬೇಕೆಂದು ಅವರು ಮೃತ್ಯುಪತ್ರ ಬರೆದಿಟ್ಟಿದ್ದರು. ಆ ಟ್ರಸ್ಟಿನ ನೆರವಿನಿಂದ ಕಲಿತವರು ಈ ನಾಡಿನಲ್ಲಿ ಅನೇಕರು.

ಇವೆಲ್ಲ ದಾನ. ಕೊಡುವವರು ದೊಡ್ಡ ಮನಸ್ಸಿನವರು, ಪಡೆಯುವವನು ಕೈಮುಗಿದು ನಿಲ್ಲಬೇಕು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕೆಗೆ ಹೋಗಿ ಕಲಿತ ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ, 1944ರಿಂದ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಗೆ ಬಂತು. ಇಂದಿಗೂ ನಡೆಯುತ್ತಿರುವ ಯೋಜನೆ ಅದು. ಹಿಂದುಳಿದ ವರ್ಗಗಳ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ದಾರಿ ತೋರಿಸಿದ್ದು ದೇವರಾಜ ಅರಸರ ಸರ್ಕಾರ ನೇಮಿಸಿದ ಹಾವನೂರು ಆಯೋಗ. ಅದರ ವರದಿ ಬಂದದ್ದು 1975ರಲ್ಲಿ. ಆಗಿನಿಂದ ಉತ್ತರ ಬದಲಾಯಿತು. ಇನ್ನು ಕೈಮುಗಿಯಬೇಕಿರಲಿಲ್ಲ, ಅರ್ಜಿ ಹಾಕಬೇಕಿತ್ತು. ನಮ್ಮ ತಂದೆ-ತಾಯಿಗಳಿಗೆ ಕೈಮುಗಿಯುವುದು ಗೊತ್ತಿತ್ತು, ಅರ್ಜಿ ಹಾಕುವುದು ಗೊತ್ತಿರಲಿಲ್ಲ.

ನಾನು ಬಾಗಲಕೋಟೆಯಲ್ಲಿ ಕಾಲೇಜು ಸೇರಿದಾಗ ಸ್ಕಾಲರ್‌ಶಿಪ್ಪಿನ ಸುದ್ದಿ ಸಿಗುತ್ತಿದ್ದದ್ದು ನೋಟೀಸು ಹಲಗೆಯ ಮೇಲೆ ಮಾತ್ರ. ನೋಟೀಸು ಅಂಟಿಸಿದ ವಾರ ಊರಿಗೆ ಹೋಗಿದ್ದವನ ಕಥೆ ಮುಗಿಯಿತು. ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ತಲಾಠಿಯವರಿಂದ ತಹಶೀಲ್ದಾರ ಕಚೇರಿಯವರೆಗೆ ಅಲೆದಾಟ. ಜಿಲ್ಲಾ ಕಚೇರಿಯ ಕೆಲಸ ಬಿದ್ದರೆ ವಿಜಾಪುರಕ್ಕೆ ಹೋಗಬೇಕು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ನನ್ನ ಮೊದಲ ವರ್ಷದ ರೊಕ್ಕ ಬಂದದ್ದು ಪರೀಕ್ಷೆಯ ಹೊತ್ತಿಗೆ. ಅಷ್ಟರಲ್ಲಿ ಅಪ್ಪ ಒಂದು ಹೋರಿ ಮಾರಿಯಾಗಿತ್ತು. ಬಂದ ರೊಕ್ಕಕ್ಕೆ ಆ ಹೋರಿ ತಿರುಗಿ ಬರುವಂತಿರಲಿಲ್ಲ. ನನಗಿಂತ ಹೆಚ್ಚು ಅಂಕ ಪಡೆದಿದ್ದ ನನ್ನ ಇಬ್ಬರು ಸಹಪಾಠಿಗಳು ಅರ್ಜಿಯನ್ನೇ ಹಾಕಲಿಲ್ಲ. ಒಬ್ಬ ಇಳಕಲ್ಲಿನ ಕಲ್ಲಿನ ಕಣಿಗೆ ಕೆಲಸಕ್ಕೆ ಹೋದ. ಅವನು ಈಗಲೂ ಸಿಕ್ಕರೆ, “ನನಗ ಯಾರೂ ಹೇಳ್ಲಿಲ್ಲೋ” ಎನ್ನುತ್ತಾನೆ. ಅದರಲ್ಲಿ ದೂರೇನೂ ಇರುವುದಿಲ್ಲ, ಇದ್ದ ಸಂಗತಿ ಹೇಳುತ್ತಾನೆ ಅಷ್ಟೇ.

ಶಿಕ್ಷಕನಾಗಿ ಬಂದ ಮೇಲೆ ಹೇಳುವ ಕೆಲಸ ನನ್ನದಾಯಿತು. ಹೈಸ್ಕೂಲಿನವರಿಗೆ ಕಾಲೇಜಿನ ಸ್ಕಾಲರ್‌ಶಿಪ್ಪಿನಲ್ಲಿ ಏನು ಕೆಲಸ ಎಂದು ಕೇಳುವವರಿದ್ದರು. ಆದರೆ ಕಾಲೇಜಿನ ಪ್ರತಿ ಕಾಗದದ ಬೇರು ಇರುವುದು ಹೈಸ್ಕೂಲಿನ ದಾಖಲಾತಿ ರಿಜಿಸ್ಟರಿನಲ್ಲಿ. ಇದು ನಮ್ಮ ಭಾಗದವರಿಗೆ ತಿಳಿದದ್ದು ಪ್ರವಾಹ ಬಂದಾಗ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ಭಾಗದ ನದಿದಂಡೆಯ ಮನೆಗಳಲ್ಲಿ ಕಾಳಿನ ಜೊತೆಗೆ ಟ್ರಂಕಿನಲ್ಲಿದ್ದ ಅಂಕಪಟ್ಟಿ, ಟಿ.ಸಿ. ಎಲ್ಲ ನೀರುಪಾಲಾದವು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಮನೆಯ ಕಾಗದ ಕಳಕೊಂಡವರಿಗೆ ಶಾಲೆಯ ರಿಜಿಸ್ಟರೇ ಆಧಾರ. ನಮ್ಮಲ್ಲಿಗೂ ಬಂದರು. ರಿಜಿಸ್ಟರ್ ತೆಗೆದು, ಹೆಸರು ಹುಡುಕಿ, ಉತಾರ ಬರೆದುಕೊಡುವಾಗ ನನಗೆ ಹೆಮ್ಮೆಯೆನಿಸುತ್ತಿತ್ತು.

ಅದೇ ರಿಜಿಸ್ಟರಿನಲ್ಲಿ ನನ್ನ ತಪ್ಪೂ ಕೂತಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ‘ಅವ್ವ’ ಎಂದು ಮುಗಿಯುವುದು ರೂಢಿ. ಬಸವ್ವ, ಯಲ್ಲವ್ವ, ದ್ಯಾಮವ್ವ. ಎಂಟನೆಯ ತರಗತಿಗೆ ಹೆಸರು ಹಚ್ಚುವಾಗ ನನ್ನಂಥ ಮಾಸ್ತರುಗಳು ಅದನ್ನು ‘ಅಮ್ಮ’ ಎಂದು ತಿದ್ದುತ್ತಿದ್ದೆವು. ಕೇಡಿನಿಂದಲ್ಲ. ಹುಡುಗಿ ಮುಂದೆ ದೊಡ್ಡ ಊರಿಗೆ ಹೋದರೆ ಯಾರೂ ನಗಬಾರದು, ಪಠ್ಯಪುಸ್ತಕದ ಕನ್ನಡದಂತೆ ಹೆಸರೂ ಚೆಂದ ಇರಲಿ ಎಂಬ ಭಾವನೆ. ಪ್ರಾಥಮಿಕ ಶಾಲೆಯ ಟಿ.ಸಿ.ಯಲ್ಲಿ ‘ವ್ವ’ ಎಂದಿದ್ದರೂ ನನ್ನ ಪೆನ್ನಿನಲ್ಲಿ ‘ಮ್ಮ’ ಬರುತ್ತಿತ್ತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿಯೂ ಅದೇ ಅಚ್ಚಾಗುತ್ತಿತ್ತು. ಎಷ್ಟೋ ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಮೇಲೆ ಆಧಾರ್ ಬಂತು. ಅದರಲ್ಲಿ ಮನೆಯವರು ಕರೆಯುವ ಹೆಸರು, ‘ವ್ವ’. ಕಾಗದದ ಅರ್ಜಿ ಹೋಗಿ ಸರ್ಕಾರದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್.ಎಸ್.ಪಿ. ಬಂದಾಗ ಮನುಷ್ಯರ ಬದಲು ಕಂಪ್ಯೂಟರು ಹೆಸರು ಹೋಲಿಸತೊಡಗಿತು. ಗುಮಾಸ್ತರಿಗೆ ಬಸವ್ವನೂ ಬಸಮ್ಮನೂ ಒಬ್ಬಳೇ ಎಂದು ತಿಳಿಯುತ್ತಿತ್ತು, ಕಂಪ್ಯೂಟರಿಗೆ ತಿಳಿಯಲಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು, ಕೈಮಗ್ಗದ ನೇಕಾರರ ಮಗಳು, ನರ್ಸಿಂಗ್ ಸೇರಿದ್ದಳು. ಸ್ಕಾಲರ್‌ಶಿಪ್ ಬರುತ್ತದೆ, ಅರ್ಜಿ ಹಾಕಿಸಿ ಎಂದು ಆ ತಂದೆಗೆ ಹೇಳಿ ಧೈರ್ಯ ಕೊಟ್ಟವನು ನಾನೇ. ವರ್ಷವಾದರೂ ರೊಕ್ಕ ಬರಲಿಲ್ಲ. ಪರೀಕ್ಷೆಗೆ ಮೊದಲು ಫೀ ತುಂಬಬೇಕೆಂದು ಕಾಲೇಜಿನವರು ಪಟ್ಟು ಹಿಡಿದರು. ತಂದೆ ಸೀರೆಯ ಸಾವಕಾರರ ಹತ್ತಿರ ಮುಂಗಡ ತಂದು ತುಂಬಿದರು. ಆ ಮುಂಗಡ ತೀರಿಸಲು ಹದಿನಾಲ್ಕು ತಿಂಗಳು ನೇಯ್ದರು. ಒಂದು ದಿನ ಎಲ್ಲ ಕಾಗದವನ್ನು ಸೀರೆ ಸುತ್ತುವ ಪ್ಲಾಸ್ಟಿಕ್ ಚೀಲದಲ್ಲಿ ತಂದು ನನ್ನ ಮುಂದೆ ಹರವಿದರು. ನೋಡಿದೆ. ಆಧಾರ್ ನೋಡಿದೆ, ಅಂಕಪಟ್ಟಿ ನೋಡಿದೆ, ಆಮೇಲೆ ರಿಜಿಸ್ಟರ್ ತೆಗೆದೆ. ಅಕ್ಷರ ನನ್ನದೇ.

“ನೀವ ಬರದೀರಿ, ನೀವ ತಿದ್ದರಿ ಸರ” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಅಂಕಪಟ್ಟಿ ತಿದ್ದಿಸಲು ಬಹಳ ಕಾಲ ಹಿಡಿಯುತ್ತದೆಂದು ತಿಳಿದು, ಅಂಕಪಟ್ಟಿಯನ್ನೇ ಸಾಕ್ಷಿಯಾಗಿಟ್ಟು ಆಧಾರ್‌ನ ಹೆಸರು ಬದಲಿಸಿದೆವು. ಮುಂದಿನ ವರ್ಷಗಳ ರೊಕ್ಕ ಬಂತು, ಹೋದ ವರ್ಷದ್ದು ಹೋಯಿತು. ಅವ್ವ ಇಟ್ಟ ಹೆಸರು ಈಗ ಅವಳ ಯಾವ ಕಾಗದದಲ್ಲಿಯೂ ಇಲ್ಲ.

ಆ ವರ್ಷದಿಂದ ಫಲಿತಾಂಶದ ನಂತರದ ಶನಿವಾರಗಳಂದು ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಕೂಡುತ್ತಿದ್ದೇನೆ. ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನಲ್ಲಿರುವ ಒಬ್ಬರು, ಕಂಪ್ಯೂಟರ್ ಅಂಗಡಿ ಇಟ್ಟ ಒಬ್ಬರು ಬರುತ್ತಾರೆ. ನಾವು ಮೊದಲು ಅರ್ಜಿ ತುಂಬುವುದಿಲ್ಲ, ಕಾಗದ ಓದುತ್ತೇವೆ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇದೆಯೇ? ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ? ಅದರ ಮೇಲಿನ ಆರ್.ಡಿ. ಸಂಖ್ಯೆ ಓದಲು ಬರುತ್ತದೆಯೇ? ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬ್ಯಾಂಕ್ ಖಾತೆಯಲ್ಲಿ. ಸರ್ಕಾರದ ರೊಕ್ಕ ನಾವು ತೋರಿಸಿದ ಪಾಸ್‌ಬುಕ್ಕಿಗೆ ಹೋಗುವುದಿಲ್ಲ, ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬೇರೊಂದು ಬ್ಯಾಂಕಿನಲ್ಲಿ ಎಂದೋ ತೆರೆದು ಮರೆತ ಖಾತೆಯಲ್ಲಿ ಎರಡು ವರ್ಷದ ಸ್ಕಾಲರ್‌ಶಿಪ್ ಸಿಕ್ಕಿದ ಹುಡುಗನೂ ನಮ್ಮಲ್ಲಿದ್ದಾನೆ.

ಯೋಜನೆಗಳ ಹೆಸರು, ಮೊತ್ತ ಸರ್ಕಾರ ಬದಲಾದಂತೆ ಬದಲಾಗುತ್ತವೆ, ಅವನ್ನು ಉರುಹೊಡೆದು ಉಪಯೋಗವಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಬಂದಾಗ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. 2021ರಲ್ಲಿ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಬಂತು, ಆಮೇಲೆ ನೇಕಾರರ ಮಕ್ಕಳಿಗೂ ವಿಸ್ತರಿಸಿತು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಮಂಡಳಿಯ ಸಹಾಯಧನವಿದೆ. ಆದರೆ ತಂದೆಯೋ ತಾಯಿಯೋ ಮೊದಲೇ ನೋಂದಣಿ ಮಾಡಿಸಿರಬೇಕು.

ಸಾಲದ ಮಾತು ಬಂದರೆ ತಂದೆಯಂದಿರ ಮುಖ ಸಣ್ಣದಾಗುತ್ತದೆ. “ಹೊಲ ಬರಸ್ಕೊಂತಾರೇನ್ರಿ?” ಎಂಬುದೇ ಮೊದಲ ಪ್ರಶ್ನೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನ ಕೇಳುವಂತಿಲ್ಲ. 2015ರಲ್ಲಿ ಬಂದ ಕೇಂದ್ರದ ಖಾತರಿ ನಿಧಿಯಡಿ ಇದು 7.5 ಲಕ್ಷದವರೆಗೂ ಆಗುತ್ತದೆ. ಕಂತು ಶುರುವಾಗುವುದು ಓದು ಮುಗಿದ ಮೇಲೆ. ಆದರೂ ಸಾಲ ಸಾಲವೇ, ಸ್ಕಾಲರ್‌ಶಿಪ್ ಅಲ್ಲ. ಸ್ಕಾಲರ್‌ಶಿಪ್, ಹಾಸ್ಟೆಲ್, ಸರ್ಕಾರಿ ಕಾಲೇಜಿನ ಸೀಟು ಎಲ್ಲ ಲೆಕ್ಕ ಹಾಕಿ ಉಳಿದದ್ದಕ್ಕೆ ಮಾತ್ರ ಸಾಲದ ಯೋಚನೆ ಮಾಡಿ ಎಂದೇ ಹೇಳುತ್ತೇನೆ. ಈ ಮಾತು ನನ್ನ ಬ್ಯಾಂಕಿನ ಗೆಳೆಯರಿಗೆ ಅಷ್ಟು ಹಿಡಿಸುವುದಿಲ್ಲ.

ಆ ನರ್ಸಿಂಗ್ ಓದಿದ ಹುಡುಗಿ ಈಗ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಹೋದ ವರ್ಷ ತಂಗಿಯ ಅರ್ಜಿಗೆಂದು ತಾನೇ ಶನಿವಾರ ಬಂದಿದ್ದಳು. ತಂಗಿಯ ಅಂಕಪಟ್ಟಿ ಕೈಗೆ ತೆಗೆದುಕೊಂಡು ಮೊದಲು ಹೆಸರಿನ ಕೊನೆಯ ಅಕ್ಷರ ನೋಡಿದಳು, ಆಮೇಲೆ ನನ್ನ ಮುಖ ನೋಡಿ ನಕ್ಕಳು. ‘ವ್ವ’ ಎಂದೇ ಇತ್ತು.

ಈ ವರ್ಷವೂ ಫಲಿತಾಂಶದ ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಪಡಸಾಲೆಯಲ್ಲಿ ಇರುತ್ತೇವೆ. ಬರುವವರು ಮೂಲ ಕಾಗದಗಳ ಜೊತೆಗೆ ಆಧಾರ್‌ಗೆ ಜೋಡಿಸಿದ ಮೊಬೈಲನ್ನೂ ತರಬೇಕು. ಒ.ಟಿ.ಪಿ. ಅದಕ್ಕೇ ಬರುತ್ತದೆ.