ಟಾಲ್‌ಸ್ಟಾಯನ ಕಡೆಗಾಲದ ಕಥೆಗಳಲ್ಲಿ ಮನಃಪರಿವರ್ತನೆ

ರಷ್ಯಾ ದೇಶದ ಕಾದಂಬರೀಕಾರನಾದ ಲಿಯೋ ಟಾಲ್‌ಸ್ಟಾಯನ (1828–1910) ಮನಸ್ಸು 1880ರ ಸುಮಾರಿನಲ್ಲಿ ಧರ್ಮಜಿಜ್ಞಾಸೆಯ ಕಡೆಗೆ ತಿರುಗಿತೆಂಬುದು ವಿದಿತವೇ ಆಗಿದೆ. ಆ ಬಳಿಕ ಆತನು ಬರಿಯ ಉಪದೇಶಕನಾದನೆಂದು ಹೇಳುವವರುಂಟು. ಕೆಲವು ಕಥೆಗಳಿಗೆ ಈ ಮಾತು ಒಪ್ಪುವುದಾದರೂ 1895ರಲ್ಲಿ ಪ್ರಕಟವಾದ ‘ಒಡೆಯ ಮತ್ತು ಆಳು’ ಎಂಬುದಕ್ಕೆ ಸರ್ವಥಾ ಸಲ್ಲದು.

1886ರ ‘ಇವಾನ್ ಇಲ್ಯಿಚನ ಮರಣ’ದಲ್ಲಿ ನ್ಯಾಯಾಧಿಕಾರಿಯೊಬ್ಬನು ಬಹುಕಾಲ ನರಳುತ್ತ, ತಾನು ಬಾಳಿದ ಬಾಳೇ ತಪ್ಪಾಗಿದ್ದಿತೇ ಎಂದು ವಿಚಾರಿಸಿಕೊಂಡು, ಕಟ್ಟಕಡೆಗೆ ಮಗನ ಮೇಲೂ ಹೆಂಡತಿಯ ಮೇಲೂ ಮರುಕಗೊಳ್ಳುವನು. ಅಲ್ಲಿ ಪರಿವರ್ತನೆಗೆ ವಿಚಾರವೇ ಮುಖ್ಯವಾದ ದಾರಿ. (ಸೇವಕ ಗೆರಾಸಿಮನ ಪಾತ್ರವನ್ನು ಇಲ್ಲಿ ಬಿಟ್ಟಿದ್ದೇನೆ.) ವರ್ತಕ ಬ್ರೆಖುನೋವನಿಗಾದರೋ ಅಂತಹ ಆತ್ಮವಿಚಾರವಿಲ್ಲ. ಈತನು ತನ್ನ 700 ರೂಬಲ್ಲುಗಳಿಗೆ, ತನ್ನ ವಶದಲ್ಲಿದ್ದ ದೇವಾಲಯದ 2300ನ್ನು ಸೇರಿಸಿಕೊಂಡು ಮರದ ತೋಪೊಂದನ್ನು ಕೊಳ್ಳಲು ಹೊರಟವನು. ವರ್ಷಕ್ಕೆ 80 ರೂಬಲ್ಲು ಸಲ್ಲಬೇಕಾದ ಆಳು ನಿಕಿತನಿಗೆ ಸುಮಾರು 40ನ್ನು ಮಾತ್ರ, ಅದನ್ನೂ ಬಹುಮಟ್ಟಿಗೆ ಅಂಗಡಿಯ ಸಾಮಾನಾಗಿ ದುಬಾರಿ ಬೆಲೆಗೆ ಕೊಡುವವನು. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿದಾಗ ಆಳನ್ನು ಬಿಟ್ಟು ಕುದುರೆಯೇರಿ ಹೊರಡುತ್ತಾನೆ. ಸುತ್ತಿ ಸುತ್ತಿ ಅದೇ ಜಾರುಬಂಡಿಯ ಬಳಿಗೆ ಬಂದು ಸೇರುತ್ತಾನೆ. ಅಲ್ಲಿ, ಲಾಭದ ವ್ಯಾಪಾರವನ್ನು ಕೈತಟ್ಟಿ ಮುಗಿಸುವಾಗಿನ ಅದೇ ದೃಢತೆಯಿಂದ, ತುಪ್ಪುಳಿನ ಅಂಗಿಯನ್ನು ಬಿಚ್ಚಿ, ಮರಗಟ್ಟುತ್ತಿದ್ದ ನಿಕಿತನ ಮೇಲೆ ಮೈಚಾಚಿ ಮಲಗುತ್ತಾನೆ. ವರ್ತಕನ ಹಳೆಯ ಗುಣವನ್ನೇ ಲೇಖಕನು ಹೊಸ ಕಾರ್ಯಕ್ಕೆ ಹಚ್ಚಿರುವನು. ಇದು ಬರಿಯ ಉಪದೇಶಕನಿಗೆ ಹೊಳೆಯತಕ್ಕುದಲ್ಲ.

ಬೆಳಗಾಗುವಷ್ಟರಲ್ಲಿ ಒಡೆಯನು ಸತ್ತಿದ್ದನು. ಉಪದೇಶವೇ ಗುರಿಯಾಗಿದ್ದರೆ ನಿಕಿತನಿಂದ ಕೃತಜ್ಞತೆಯ ಮಾತೊಂದನ್ನಾದರೂ ಆಡಿಸಬಹುದಾಗಿತ್ತು. ಆತನಾದರೋ ಮೂರು ಕಾಲ್ಬೆರಳುಗಳನ್ನು ಕಳೆದುಕೊಂಡು ಮತ್ತೆ 20 ವರ್ಷ ಬಾಳಿದನು. ತಾನಿನ್ನೂ ಈ ಲೋಕದಲ್ಲಿಯೇ ಇರುವೆನೆಂದು ಅರಿವಾದಾಗ ಆತನಿಗಾದುದು ಸಂತೋಷಕ್ಕಿಂತ ಹೆಚ್ಚಾಗಿ ದುಃಖವೇ.